ಗುಳಿಗೆಯ ಜೊತೆಗೆ ಎರಡು ಮಾತು



ಈ ಸಲದ ಬರಹ ನಿಮ್ಮಲ್ಲಿ ಕೆಲವರಿಗೆ, ಅದರಲ್ಲಿಯೂ ನನ್ನಲ್ಲಿ ಕಲಿತು ಇಂದು ಔಷಧಿ ಅಂಗಡಿ ನಡೆಸುತ್ತಿರುವವರಿಗೆ, ತುಸು ಕಟುವೆನಿಸಬಹುದು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ ಯಾವ ಪೇಟೆಗೆ ಹೋದರೂ ಒಂದಲ್ಲ ಒಂದು ಮೆಡಿಕಲ್ ಅಂಗಡಿಯೊಳಗಿನಿಂದ "ನಮಸ್ಕಾರ್ರೀ ಸರ" ಎಂಬ ಧ್ವನಿ ಕೇಳಿಬರುತ್ತದೆ. ಆ ಧ್ವನಿ ಕೇಳಿದಾಗ ಆಗುವ ಸಂತೋಷವನ್ನು ಬೇರೆ ವೃತ್ತಿಯವರಿಗೆ ವಿವರಿಸುವುದು ಕಷ್ಟ. ಆದರೆ ಆ ಸಂತೋಷದಲ್ಲಿ ಅಲ್ಲಿ ಕುಳಿತು ಚಹಾ ಕುಡಿಯುವಾಗ ಕಣ್ಣಿಗೆ ಬಿದ್ದ ಸಂಗತಿಯೊಂದನ್ನು ಹೇಳದೇ ಇರಲಾರೆ. ಗಿರಾಕಿ ಚೀಟಿ ಕೊಡುತ್ತಾನೆ, ಅಂಗಡಿಯ ಹುಡುಗ ಗುಳಿಗೆ ತೆಗೆದು ಕೊಡುತ್ತಾನೆ, ದುಡ್ಡು ಎಣಿಕೆಯಾಗುತ್ತದೆ, ಗಿರಾಕಿ ಹೋಗುತ್ತಾನೆ. ಈ ಒಟ್ಟು ವ್ಯವಹಾರದಲ್ಲಿ ದುಡ್ಡಿನ ಬಗ್ಗೆ ಆದಷ್ಟು ಮಾತು ಗುಳಿಗೆಯ ಬಗ್ಗೆ ಆಗುವುದಿಲ್ಲ.

ಔಷಧವನ್ನು ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ಅವನ ಭಾಷೆಯಲ್ಲಿ ತಿಳಿಸಿ ಹೇಳುವುದು, ತಿಳಿಯಿತೋ ಇಲ್ಲವೋ ಎಂದು ಅವನ ಬಾಯಿಂದಲೇ ಕೇಳಿಕೊಳ್ಳುವುದು ಔಷಧಿ ಕೊಡುವ ಕೆಲಸದ ಭಾಗವೇ ಹೊರತು ಕೊಡುವವನ ಉಪಕಾರವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ‘ಆಪ್ತಸಮಾಲೋಚನೆ’ ಎಂಬ ಭಾರವಾದ ಹೆಸರನ್ನು ಕೊಟ್ಟಿದ್ದಾರೆ. ಹೆಸರಿನ ಭಾರಕ್ಕೇ ಜನ ಹೆದರಿಬಿಟ್ಟರೋ ಏನೋ. ನಮ್ಮ ಕಡೆಯ ಮಾತಿನಲ್ಲಿ ಇದು ಬರೀ ‘ತಿಳಿಸಿ ಹೇಳೂದು’ ಅಷ್ಟೆ.

ನಾನು ಚಿಕ್ಕವನಿದ್ದಾಗ, ಅಂದರೆ 1956ರಲ್ಲಿ ನಮ್ಮ ಭಾಗವು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ನಂತರದ ವರ್ಷಗಳಲ್ಲಿ, ದವಾಖಾನೆಗೆ ಹೋಗುವವರು ಮನೆಯಿಂದಲೇ ಸೀಸೆ ಒಯ್ಯುತ್ತಿದ್ದರು. ಕಂಪೌಂಡರ್ ಸಾಹೇಬರು ದೊಡ್ಡ ದೊಡ್ಡ ಬಾಟಲಿಗಳಿಂದ ಅಳತೆಯ ಗಾಜಿಗೆ ಸುರಿದು, ಬೆರೆಸಿ, ಗುಲಾಬಿ ಬಣ್ಣದ್ದೋ ಕಂದು ಬಣ್ಣದ್ದೋ ಒಂದು ಮಿಶ್ರಣವನ್ನು ನಮ್ಮ ಸೀಸೆಗೆ ತುಂಬಿಕೊಡುತ್ತಿದ್ದರು. ಆಮೇಲೆ ಒಂದು ಉದ್ದನೆಯ ಕಾಗದದ ಪಟ್ಟಿಯ ಅಂಚನ್ನು ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ ಸೀಸೆಯ ಮೈಗೆ ಅಂಟಿಸುತ್ತಿದ್ದರು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಹೊತ್ತಿನ ಔಷಧಿ. "ಕುಲುಕಿ ಕುಡಸಬೇಕು. ಮುಂಜಾನೆ ಒಂದ ಹಲ್ಲು, ಮಧ್ಯಾಹ್ನ ಒಂದ ಹಲ್ಲು, ರಾತ್ರಿ ಒಂದ ಹಲ್ಲು" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಅಕ್ಷರವೇ ಬಾರದ ನನ್ನ ಅಜ್ಜಿ ಆ ಹಲ್ಲುಗಳನ್ನು ನೋಡಿ ತಪ್ಪದೆ ಔಷಧಿ ಕುಡಿಸುತ್ತಿದ್ದಳು. ಆ ಮಿಶ್ರಣಗಳಿಂದ ಎಷ್ಟು ಜನಕ್ಕೆ ಗುಣವಾಯಿತೋ ದೇವರೇ ಬಲ್ಲ. ಹಳೆಯದೆಲ್ಲ ಚೆನ್ನಾಗಿತ್ತೆಂದು ಹೇಳುವ ಚಟ ನನಗಿಲ್ಲ. ಇಂದಿನ ಔಷಧಗಳು ಅವಕ್ಕಿಂತ ನೂರು ಪಾಲು ಮೇಲು. ಆದರೆ ಆ ಕಾಗದದ ಹಲ್ಲುಗಳು ಮಾಡುತ್ತಿದ್ದ ಕೆಲಸವನ್ನು ಇಂದು ಯಾರು ಮಾಡುತ್ತಿದ್ದಾರೆ ಎಂಬುದು ನನ್ನ ಪ್ರಶ್ನೆ. ಔಷಧದ ಶಕ್ತಿ ಹೆಚ್ಚಿದಂತೆ ತಪ್ಪಾಗಿ ತೆಗೆದುಕೊಂಡಾಗಿನ ಅಪಾಯವೂ ಹೆಚ್ಚಿತಲ್ಲವೇ?

ಈಗ ಗುಳಿಗೆ ಬರುವುದು ಮಿರುಗುವ ಪಟ್ಟಿಯಲ್ಲಿ. ಅದರ ಮೇಲಿನ ಬರಹ ಬಹುತೇಕ ಇಂಗ್ಲಿಷಿನಲ್ಲಿ, ಅದೂ ಇರುವೆ ಸಾಲಿನಂಥ ಅಕ್ಷರಗಳಲ್ಲಿ. ನಾಲ್ಕು ಗುಳಿಗೆ ಸಾಕೆಂದವರಿಗೆ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ತಾರೀಖು ಇನ್ನೊಂದು ತುಂಡಿಗೆ. ಮನೆಗೆ ಹೋದ ಮೇಲೆ ಅದು ಯಾವ ಗುಳಿಗೆ, ಯಾತಕ್ಕೆ ಎಂದು ಓದುಬರಹ ಬಲ್ಲವನಿಗೂ ತಿಳಿಯದು. 2023ರ ಆಗಸ್ಟ್ ತಿಂಗಳಿನಿಂದ ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದರಿಂದ ನಕಲಿ ಔಷಧಿ ಗುರುತಿಸಲು ಅನುಕೂಲವಾಗಬಹುದು, ಬೇಡವೆನ್ನುವುದಿಲ್ಲ. ಆದರೆ ತೊಗರಿ ಹೊಲದಿಂದ ನೇರವಾಗಿ ಬಂದ ಮುದುಕಿಗೆ "ಇದು ಉಂಡ ಮ್ಯಾಲೆ" ಎಂಬ ಮಾತನ್ನು ಆ ಚೌಕಟ್ಟು ಹೇಳಲಾರದು.

ಹಾಗೆ ನೋಡಿದರೆ ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ವೈದ್ಯರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಾಸಿಸ್ಟ್ ಮಾತ್ರವೇ ವಿತರಿಸಬೇಕೆಂದು 1948ರ ಫಾರ್ಮಸಿ ಕಾಯಿದೆಯ 42ನೆಯ ಕಲಮು ಹೇಳುತ್ತದೆ. 2015ರ ಜನವರಿಯಲ್ಲಿ ಭಾರತೀಯ ಫಾರ್ಮಸಿ ಪರಿಷತ್ತು ಹೊರಡಿಸಿದ ವೃತ್ತಿ ನಿಯಮಾವಳಿಯಂತೂ ಇನ್ನೂ ಸ್ಪಷ್ಟವಾಗಿದೆ. ಔಷಧದ ಹೆಸರು, ಪ್ರಮಾಣ, ತೆಗೆದುಕೊಳ್ಳುವ ವಿಧಾನ, ಎಷ್ಟು ದಿನ, ಯಾತಕ್ಕಾಗಿ, ಯಾವ ಎಚ್ಚರಿಕೆ, ಯಾವ ಅಡ್ಡಪರಿಣಾಮ, ಹೇಗೆ ಕಾಯ್ದಿಡಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂಬುದನ್ನೆಲ್ಲ ರೋಗಿಗೆ ಅಥವಾ ರೋಗಿಯನ್ನು ನೋಡಿಕೊಳ್ಳುವವರಿಗೆ ಫಾರ್ಮಾಸಿಸ್ಟನೇ ತಿಳಿಸಬೇಕೆಂದು ಅದು ವಿಧಿಸಿದೆ. ಓದಿದರೆ ಬಹಳ ಚೆಂದ. ಹತ್ತು ವರ್ಷ ಕಳೆದರೂ ಅದು ನಮ್ಮ ಪೇಟೆಗಳ ಅಂಗಡಿಗಳಿಗೆ ಬಂದು ಮುಟ್ಟಿಲ್ಲ.

ನಮ್ಮ ಮೂರು ತಾಲೂಕುಗಳ ವಿಶೇಷ ಪರಿಸ್ಥಿತಿಯನ್ನೂ ಇಲ್ಲಿ ಹೇಳಬೇಕು. ಆಳಂದ ಮತ್ತು ಅಫಜಲಪುರದವರಿಗೆ ಸೊಲ್ಲಾಪುರ ಹತ್ತಿರ. ದೊಡ್ಡ ಬೇನೆ ಎಂದರೆ ಗಡಿ ದಾಟುತ್ತಾರೆ. ಜೇವರ್ಗಿಯವರು ಭೀಮಾ ನದಿಯ ಸೇತುವೆ ದಾಟಿ ಕಲಬುರಗಿಗೆ ಹೋಗುತ್ತಾರೆ. ದೂರದ ವೈದ್ಯರು ಬರೆದುಕೊಟ್ಟ ಬ್ರಾಂಡು ಮುಂದಿನ ತಿಂಗಳು ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಅದೇ ಮದ್ದಿನ ಬೇರೆ ಕಂಪನಿಯದ್ದು ಕೈಗೆ ಬರುತ್ತದೆ. ಹಾಗೆ ಬದಲಿಸಿ ಕೊಡುವುದಕ್ಕೆ ನಿಯಮದ ಅಡ್ಡಿಯಿದ್ದರೂ ನಡೆಯುವುದು ಹೀಗೆಯೇ. ಹೊಸ ಪಟ್ಟಿಯ ಬಣ್ಣ ಬೇರೆ, ಹೆಸರು ಬೇರೆ. ಮನೆಯಲ್ಲಿ ಹಳೆಯ ಪಟ್ಟಿಯಲ್ಲಿ ಆರು ಗುಳಿಗೆ ಉಳಿದಿರುತ್ತವೆ. ರೋಗಿ ಇದೂ ಒಂದು, ಅದೂ ಒಂದು ಎಂದು ಎರಡನ್ನೂ ನುಂಗುತ್ತಾನೆ. ರಕ್ತದೊತ್ತಡದ ಗುಳಿಗೆಯನ್ನು ಹೀಗೆ ಇಮ್ಮಡಿಯಾಗಿ ನುಂಗಿ, ಮುಂಜಾನೆ ಹಾಸಿಗೆಯಿಂದ ಎದ್ದವರು ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಂಡರೆ "ವಯಸ್ಸಾಗಿತ್ತು" ಎನ್ನುತ್ತೇವೆ. ಔಷಧದ ಮೂಲ ಹೆಸರನ್ನೇ ಬಿಡಿ ಅಕ್ಷರಗಳಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ವೈದ್ಯರಿಗೆ ತಿಳಿಸಿತ್ತು. ಚೀಟಿಗಳನ್ನು ನೋಡಿದರೆ ಆ ತಿಳಿವಳಿಕೆ ಎಲ್ಲಿಗೆ ಹೋಯಿತೆಂದು ಗೊತ್ತಾಗುವುದಿಲ್ಲ. "ಅದss ಗುಳಿಗಿ ಅದ, ಕಂಪನಿ ಅಷ್ಟss ಬ್ಯಾರೆ. ಹಳೇವು ಮುಗಿದ ಮ್ಯಾಲೆ ಇವು ಚಾಲೂ ಮಾಡ್ರಿ" ಎಂದು ಅಂಗಡಿಯಲ್ಲಿ ಒಂದು ಮಾತು ಹೇಳಿದ್ದರೆ ಸೊಂಟ ಉಳಿಯುತ್ತಿತ್ತು.

ನಮ್ಮ ಬಂಧುಗಳಿಗೆ ನೆನಪಿರುವ ಸಂಗತಿಯೊಂದನ್ನು ಹೆಸರು, ಊರು ಬಿಟ್ಟು ಹೇಳುತ್ತೇನೆ. ನಮ್ಮ ಸಂಬಂಧಿಕಳಾದ ಒಬ್ಬ ಹೆಣ್ಣುಮಗಳಿಗೆ ಕೀಲುಗಳ ಬಾವು. ಬೆಳಗಾದರೆ ಬೆರಳು ಮಡಚಲಾಗದು, ರೊಟ್ಟಿ ಬಡಿಯಲಾಗದು. ದೊಡ್ಡ ವೈದ್ಯರೊಬ್ಬರು ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ವಾರಕ್ಕೊಮ್ಮೆ, ಫೋಲಿಕ್ ಆಸಿಡ್ ಗುಳಿಗೆಯನ್ನು ಉಳಿದ ದಿನ ತೆಗೆದುಕೊಳ್ಳಲು ಬರೆದುಕೊಟ್ಟರು. ಚಿಕಿತ್ಸೆ ಸರಿಯಾದದ್ದೇ, ಈ ಬೇನೆಗೆ ಜಗತ್ತಿನಾದ್ಯಂತ ಕೊಡುವ ಮದ್ದೇ ಅದು. ಆದರೆ ಎರಡೂ ಸಣ್ಣ ಹಳದಿ ಗುಳಿಗೆಗಳು. ಅಂಗಡಿಯವರು ಎರಡನ್ನೂ ಒಂದೇ ಕವರಿನಲ್ಲಿ ಹಾಕಿ, ಮೇಲೆ ಏನನ್ನೂ ಬರೆಯದೆ ಕೊಟ್ಟರು. ಆಕೆ ವಾರದ್ದನ್ನು ದಿನಾಲೂ, ದಿನದ್ದನ್ನು ವಾರಕ್ಕೊಮ್ಮೆ ನುಂಗತೊಡಗಿದಳು. ಎರಡನೆಯ ವಾರ ಬಾಯೊಳಗೆಲ್ಲ ಹುಣ್ಣಾಗಿ ನೀರು ಕುಡಿಯಲಾಗದ ಸ್ಥಿತಿ ಬಂತು. ಬಿಸಿಲಿಗೆ ಆದ ಉಷ್ಣವೆಂದು ಮನೆಯವರು ಎರಡು ದಿನ ಮಜ್ಜಿಗೆ ಕುಡಿಸಿದರು. ಆಮೇಲೆ ಜ್ವರ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಬಿಳಿಯ ರಕ್ತಕಣಗಳು ತಳ ಕಂಡಿದ್ದವು. ಈ ಗುಳಿಗೆಯನ್ನು ವಾರದ ಬದಲು ದಿನಾಲೂ ನುಂಗಿ ಜೀವ ಕಳೆದುಕೊಂಡವರು ಅನೇಕ ದೇಶಗಳಲ್ಲಿದ್ದಾರೆ. ಈಕೆಯ ಪುಣ್ಯ ದೊಡ್ಡದು, ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಬಂದ ಮೇಲೆ ನನಗೆ ಅಂದದ್ದು ಇಷ್ಟು: "ಮಾಮಾ, ನಾ ಅಂವ ಹೇಳಿದ್ದು ಮರ್ತಿಲ್ಲ. ಅಂವ ಏನೂ ಹೇಳೇ ಇಲ್ಲ."

"ಅಕ್ಕಾ, ಈ ಗುಳಿಗಿ ಬರೇ ಸೋಮಾರ ಒಂದು. ಉಳಿದ ದಿನ ಇದಕ್ಕ ಕೈ ಹಚ್ಚಬ್ಯಾಡ." ಎಷ್ಟು ಹೊತ್ತು ಬೇಕು ಈ ಮಾತಿಗೆ?

ಈ ವಿಷಯದಲ್ಲಿ ವೈದ್ಯಕೀಯ ಜ್ಞಾನವಿಲ್ಲದ ನಾನು ಮಾತನಾಡುವ ಅಧಿಕಾರವನ್ನು ಎಲ್ಲಿಂದ ಪಡೆದೆ ಎಂದು ಯಾರಾದರೂ ಕೇಳಬಹುದು. ನನ್ನ ಅಧಿಕಾರ ಕರಿಹಲಗೆಯದು. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತವನಿಗೆ ಒಂದು ಸತ್ಯ ಚೆನ್ನಾಗಿ ಗೊತ್ತಿರುತ್ತದೆ. "ತಿಳೀತೇನ್ರೋ?" ಎಂದು ಕೇಳಿದರೆ ಇಡೀ ತರಗತಿ ಒಕ್ಕೊರಲಿನಿಂದ "ತಿಳೀತ್ರೀ ಸರ" ಎನ್ನುತ್ತದೆ. ಹಿಂದಿನ ಬೆಂಚಿನವರು ಎಲ್ಲರಿಗಿಂತ ಜೋರಾಗಿ ಅನ್ನುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಒಬ್ಬನನ್ನು ಎಬ್ಬಿಸಿ "ನೀ ಹೇಳು ನೋಡೋಣ" ಎಂದಾಗಲೇ ಯಾರಿಗೆ ಎಷ್ಟು ಹತ್ತಿದೆ ಎಂಬುದು ತಿಳಿಯುವುದು. ಔಷಧಿ ಅಂಗಡಿಯಲ್ಲಿಯೂ ಹೀಗೆಯೇ. ಅಲ್ಪಸ್ವಲ್ಪ ಹೇಳುವವರೂ ಕೊನೆಗೆ "ಗೊತ್ತಾತಿಲ್ಲೋ?" ಎನ್ನುತ್ತಾರೆ. ಮುದುಕಪ್ಪ "ಹೂನ್ರೀ ಯಪ್ಪಾ" ಎಂದು ಕೈಮುಗಿದು ಹೋಗುತ್ತಾನೆ. ಹೂಂ ಎನ್ನದಿದ್ದರೆ ಬೈಸಿಕೊಳ್ಳಬೇಕಾದೀತೆಂಬ ಅಂಜಿಕೆ ಅವನದು. "ಮುತ್ಯಾ, ಮನಿಗಿ ಹೋಗಿ ಇದನ್ನ ಹ್ಯಾಂಗ ತಗೋತಿ, ನನಗೊಮ್ಮಿ ಹೇಳು" ಎಂದು ಕೇಳಿ ನೋಡಿ. ಹತ್ತರಲ್ಲಿ ಎಷ್ಟು ಜನ ತಪ್ಪು ಹೇಳುತ್ತಾರೆಂಬುದು ನಿಮಗೇ ಆಶ್ಚರ್ಯ ತರುತ್ತದೆ. ಹೀಗೆ ತಿರುಗಿ ಹೇಳಿಸುವ ಪದ್ಧತಿಯನ್ನು ಈಗ ಅನೇಕ ದೇಶಗಳಲ್ಲಿ ವೈದ್ಯರಿಗೂ ದಾದಿಯರಿಗೂ ಕಲಿಸುತ್ತಿದ್ದಾರೆ. ನಮ್ಮ ಕನ್ನಡ ಶಾಲೆಯ ಮಾಸ್ತರರಿಗೆ ಇದು ಮೊದಲಿನಿಂದಲೂ ಗೊತ್ತಿತ್ತು, ಆದರೆ ನಮ್ಮನ್ನು ಯಾರು ಕೇಳುತ್ತಾರೆ!

ಏನು ಹೇಳಬೇಕು ಎಂಬುದನ್ನು ಪುಸ್ತಕದಿಂದ ತೆಗೆದು ಹೇಳಿದರೆ ಸಾಲದು, ನಮ್ಮ ಜನ ಬದುಕುವ ರೀತಿಗೆ ಹೊಂದಿಸಿ ಹೇಳಬೇಕು. ಸಕ್ಕರೆ ಕಾಯಿಲೆಯ ಗುಳಿಗೆಗಳನ್ನೇ ತೆಗೆದುಕೊಳ್ಳಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಗುಳಿಗೆಗಳನ್ನು ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಇಳಿದು, ಕೈ ನಡುಗಿ, ಬೆವರಿ, ಕೊನೆಗೆ ಪ್ರಜ್ಞೆ ತಪ್ಪುವುದುಂಟು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಈ ಭಯ ಬಹಳ ಕಡಿಮೆ. ಈ ವ್ಯತ್ಯಾಸ ರೋಗಿಗೆ ತಿಳಿದಿರಬೇಡವೇ? ನಮ್ಮ ಭಾಗದಲ್ಲಿ ಉಪವಾಸವಿಲ್ಲದ ವಾರವೇ ಇಲ್ಲ. ದೇವಲ ಗಾಣಗಾಪುರದ ದತ್ತಾತ್ರೇಯನಿಗೆ ಗುರುವಾರ, ಶ್ರಾವಣದಲ್ಲಿ ಸೋಮವಾರ, ನಡುವೆ ಏಕಾದಶಿ. ಲಾಡ್ಲೆ ಮಶಾಯಿಕ್ ದರ್ಗಾದ ಊರಾದ ಆಳಂದದಲ್ಲಿ ರಂಜಾನ್ ತಿಂಗಳಿಡೀ ನಸುಕಿನಿಂದ ಸಂಜೆಯವರೆಗೆ ಹನಿ ನೀರೂ ಇಲ್ಲದ ರೋಜಾ. ದೂರದ ಊರಿನ ವೈದ್ಯರಿಗೆ ಇದು ಹೊಳೆಯದಿರಬಹುದು. ಆದರೆ ಇದೇ ಊರಿನಲ್ಲಿ ಹುಟ್ಟಿ ಬೆಳೆದು, ಗಿರಾಕಿಯ ಮನೆತನವನ್ನೇ ಬಲ್ಲ ಅಂಗಡಿಯವರಿಗೆ ಹೊಳೆಯಲೇಬೇಕು. "ಖಾಲಾ, ರೋಜಾ ಹಿಡೀತೀರೇನು? ಹಂಗಿದ್ದರ ಗುಳಿಗಿ ಹೊತ್ತು ಬದಲ ಆಗತಾವ, ತಿಂಗಳ ಶುರು ಆಗೂ ಮೊದಲss ಡಾಕ್ಟರಿಗೆ ಕೇಳಿ ಬರ್ರಿ" ಎಂದರೆ ಸಾಕು. ಅಂಗಡಿಯವರೇ ಪ್ರಮಾಣ ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಅದು ವೈದ್ಯರ ಕೆಲಸ. ಕೇಳಬೇಕಾದ ಪ್ರಶ್ನೆಯನ್ನು ರೋಗಿಯ ಕೈಯಲ್ಲಿಟ್ಟು ಕಳುಹಿಸುವುದು ಅಂಗಡಿಯವರ ಕೆಲಸ.

ಇನ್ನು ಇನ್ಸುಲಿನ್. ಅದನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ನಮ್ಮ ಕಡೆ ಮೇ ತಿಂಗಳ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದೇನಲ್ಲ. ಫ್ರಿಜ್ಜು ಇಲ್ಲದ ಮನೆಯವರು ಅದನ್ನು ಪತ್ರಾಸಿನ ಕೆಳಗಿನ ಮಾಡದಲ್ಲಿ ಇಡುತ್ತಾರೆ. ಫ್ರಿಜ್ಜು ಇದ್ದವರು ಇನ್ನೂ ತಂಪಾಗಿರಲೆಂದು ಬರ್ಫಿನ ಖಾನೆಯಲ್ಲಿ ಇಡುತ್ತಾರೆ. ಎರಡರಿಂದಲೂ ಮದ್ದು ಕೆಡುತ್ತದೆ; ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಫ್ರಿಜ್ಜು ಇಲ್ಲದಿದ್ದರೆ ಸೀಸೆಯನ್ನು ಬಿಗಿಯಾದ ಡಬ್ಬಿಯಲ್ಲಿ ಹಾಕಿ, ನೀರು ಒಳಹೋಗದಂತೆ, ಹಸಿ ಮಣ್ಣಿನ ಗಡಿಗೆಯಲ್ಲಿ ನೆರಳಲ್ಲಿ ಇಡಬಹುದೆಂದು ಬಲ್ಲವರು ಹೇಳುತ್ತಾರೆ. ಬಳಸಲು ತೆರೆದ ಸೀಸೆ ಸುಮಾರು ನಾಲ್ಕು ವಾರದೊಳಗೆ ಮುಗಿಯಬೇಕು. ನಮ್ಮ ತಾಯಂದಿರು ಗಡಿಗೆಯಲ್ಲಿ ಮಜ್ಜಿಗೆ ಕಾಯ್ದವರು, ಅವರಿಗೆ ಈ ಉಪಾಯ ಒಮ್ಮೆ ಹೇಳಿದರೆ ಸಾಕು. ಹೇಳುವವರು ಬೇಕು.

ಮಕ್ಕಳಿಗೆ ಕೊಡುವ ಪುಡಿ ರೂಪದ ಆಂಟಿಬಯೋಟಿಕ್ ಸೀಸೆಯದು ಇನ್ನೊಂದು ಕಥೆ. ಕಾಯಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕುಲುಕಿ, ಹೇಳಿದಷ್ಟೇ ದಿನಗಳಲ್ಲಿ ಮುಗಿಸಿ ಚೆಲ್ಲಬೇಕು. ಒಬ್ಬ ತಾಯಿ ಒಣಪುಡಿಯನ್ನೇ ಚಮಚೆಯಲ್ಲಿ ತೆಗೆದು ಕೂಸಿನ ನಾಲಗೆಗೆ ಹಚ್ಚುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಓಆರ್‌ಎಸ್ ದೊಡ್ಡ ಪಾಕೀಟನ್ನು ಒಂದು ಲೀಟರ್ ನೀರಿಗೆ ಬೆರೆಸುವ ಬದಲು ಒಂದು ಗ್ಲಾಸಿಗೆ ಬೆರೆಸಿ ಕುಡಿಸುವವರಂತೂ ಮನೆಮನೆಗೆ ಇದ್ದಾರೆ. ವಾಂತಿಭೇದಿಯಾದ ಮಗುವಿಗೆ ಅಷ್ಟು ಉಪ್ಪು ಒಳಿತಲ್ಲ. ದಾಲ್ ಮಿಲ್ಲಿನ ಧೂಳಿನಲ್ಲಿ ದುಡಿದು ಉಬ್ಬಸ ಹತ್ತಿದವರಿಗೆ ಕೊಡುವ ಪಂಪನ್ನು ಕುಲುಕಬೇಕು, ಉಸಿರು ಬಿಟ್ಟು ಬಾಯಿಗಿಟ್ಟು, ನಿಧಾನವಾಗಿ ಎಳೆಯುತ್ತಲೇ ಒತ್ತಬೇಕು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಬಾಯಿ ತೆರೆದು ಅತ್ತರು ಹೊಡೆದಂತೆ ಹೊಡೆದುಕೊಂಡರೆ ಮದ್ದು ಗಂಟಲಿನಲ್ಲಿಯೇ ಉಳಿಯುತ್ತದೆ. ಆಮೇಲೆ "ಪಂಪಿನಿಂದ ಏನೂ ಫರಕು ಬೀಳಲಿಲ್ಲ" ಎಂದು ಅದನ್ನು ಮೂಲೆಗೆಸೆಯುತ್ತಾರೆ. ಇದನ್ನು ಮಾತಿನಲ್ಲಿ ಹೇಳಿದರೂ ಸಾಲದು, ಮಾಡಿ ತೋರಿಸಬೇಕು, ಮಾಡಿಸಿ ನೋಡಬೇಕು. ವಿಜ್ಞಾನದ ಪ್ರಯೋಗ ತರಗತಿಯಂತೆ.

ನನ್ನ ಈ ಮಾತುಗಳಿಗೆ ನನ್ನ ವಿದ್ಯಾರ್ಥಿಗಳೇ ಕೊಟ್ಟ ಉತ್ತರಗಳಿವೆ. ಇದೆಲ್ಲ ಡಾಕ್ಟರು ಹೇಳಬೇಕಾದದ್ದು ಎಂಬುದು ಮೊದಲನೆಯದು. ಹೌದು, ಹೇಳಬೇಕು. ಆದರೆ ನೂರು ಜನ ಕಾಯುತ್ತಿರುವ ಕೋಣೆಯಲ್ಲಿ ರೋಗಿಗೆ ತನ್ನ ಬೇನೆಯ ಹೆಸರು ಕೇಳಿಯೇ ಕಿವಿ ಮುಚ್ಚಿಹೋಗಿರುತ್ತದೆ. ಗುಳಿಗೆ ಕೈಗೆ ಬರುವುದು ನಿಮ್ಮಲ್ಲಿ. ವಸ್ತು ಕಣ್ಣೆದುರಿಗೆ ಇದ್ದಾಗ ಹೇಳಿದ ಪಾಠ ಮಾತ್ರ ತಲೆಯಲ್ಲಿ ನಿಲ್ಲುತ್ತದೆ.

ಅಡ್ಡಪರಿಣಾಮ ಹೇಳಿದರೆ ಜನ ಹೆದರಿ ಔಷಧಿಯನ್ನೇ ಬಿಟ್ಟುಬಿಡುತ್ತಾರೆ ಎಂಬ ಮಾತು ಇನ್ನೂ ಗಟ್ಟಿಯಾದದ್ದು. ಬಹಳ ದಿನ ಯೋಚಿಸಿದ ಮೇಲೂ ಇದು ತಿರುವುಮುರುವು ಎಂದೇ ನನಗೆ ಅನಿಸಿದೆ. ಕ್ಷಯರೋಗದ ಔಷಧಿಗಳಲ್ಲಿ ರಿಫಾಂಪಿಸಿನ್ ಎಂಬುದೊಂದಿದೆ. ಅದನ್ನು ನುಂಗಿದರೆ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ಅಪಾಯವೇನೂ ಇಲ್ಲ. ಮೊದಲೇ ಹೇಳಿದ್ದರೆ ರೋಗಿ "ಹೌದು, ಹೇಳಿದ್ದರು" ಎಂದುಕೊಳ್ಳುತ್ತಾನೆ. ಹೇಳದಿದ್ದರೆ ರಕ್ತ ಹೋಗುತ್ತಿದೆಯೆಂದು ಹೌಹಾರಿ ಎರಡನೆಯ ವಾರಕ್ಕೆ ಗುಳಿಗೆ ನಿಲ್ಲಿಸುತ್ತಾನೆ. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ಕ್ಷಯ ಮತ್ತೆ ತಲೆಯೆತ್ತುತ್ತದೆ, ಕೆಲವೊಮ್ಮೆ ಮಾಮೂಲು ಔಷಧಿಗೆ ಬಗ್ಗದ ರೂಪದಲ್ಲಿ. ಬಸುರಿಯರಿಗೆ ಕೊಡುವ ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಗುವುದೂ ಹೀಗೆಯೇ. ಆ ಗುಳಿಗೆಯನ್ನು ಚಹಾದ ಜೊತೆ ನುಂಗಬಾರದೆಂಬುದನ್ನೂ, ಲಿಂಬೆಹಣ್ಣಿನ ಶರಬತ್ತಿನ ಜೊತೆ ನುಂಗಿದರೆ ಒಳ್ಳೆಯದೆಂಬುದನ್ನೂ ಹೇಳುವವರಿಲ್ಲ. ದಿನಕ್ಕೆ ಆರು ಸಲ ಚಹಾ ಕುಡಿಯುವ ನಾಡಿನಲ್ಲಿ ಅರ್ಧ ಕಬ್ಬಿಣ ಚಹಾಕ್ಕೇ ಹೋಗುತ್ತದೆ. ಔಷಧಿ ಬಿಡಿಸುವುದು ಅನಿರೀಕ್ಷಿತವಾಗಿ ಬಂದೆರಗಿದ ಭಯವೇ ಹೊರತು ಮುಂಚೆ ತಿಳಿದಿದ್ದ ವಿಷಯವಲ್ಲ.

ಸಮಯವಿಲ್ಲ, ಕೊನೆಯ ಬಸ್ಸಿನ ಹೊತ್ತಿಗೆ ಅಂಗಡಿಯ ಮುಂದೆ ಜಾತ್ರೆ ನೆರೆಯುತ್ತದೆ ಎನ್ನುತ್ತೀರಿ. ಇದನ್ನು ನಾನು ಒಪ್ಪುತ್ತೇನೆ. ಹೇಳಿದ್ದಕ್ಕೆ ಪ್ರತ್ಯೇಕ ಶುಲ್ಕವೂ ಇಲ್ಲ. ಬೆಲೆ ನಿಯಂತ್ರಣಕ್ಕೊಳಪಟ್ಟ ಔಷಧಗಳಿಗೆ 2013ರ ಆದೇಶದ ಲೆಕ್ಕದಲ್ಲಿ ಚಿಲ್ಲರೆ ಅಂಗಡಿಗೆ ಹಿಡಿದಿರುವ ಲಾಭಾಂಶ ಶೇಕಡಾ 16. ಬಾಡಿಗೆ, ದೀಪ, ಆಳಿನ ಪಗಾರ ಎಲ್ಲ ಅದರಲ್ಲಿಯೇ. ಇಂಗ್ಲೆಂಡಿನಲ್ಲಿ 2011ರಿಂದ, ಹೊಸದಾಗಿ ದೀರ್ಘಕಾಲದ ಔಷಧಿ ಆರಂಭಿಸಿದ ರೋಗಿಯೊಡನೆ ಫಾರ್ಮಾಸಿಸ್ಟ್ ಮಾತನಾಡಿ ವಿಚಾರಿಸಿದರೆ ಸರಕಾರದ ಆರೋಗ್ಯ ವ್ಯವಸ್ಥೆ ಅದಕ್ಕೆ ಹಣ ಕೊಡುತ್ತದೆ. ಅಮೆರಿಕದಲ್ಲಿ ಬಡವರ ಆರೋಗ್ಯ ಯೋಜನೆಯ ರೋಗಿಗಳಿಗೆ ತಿಳಿಸಿ ಹೇಳಲು ಫಾರ್ಮಾಸಿಸ್ಟ್ ತಾನಾಗಿ ಮುಂದಾಗಬೇಕೆಂದು 1990ರಲ್ಲಿಯೇ ಕಾನೂನಾಯಿತು. ನಮ್ಮಲ್ಲಿ ಕರ್ತವ್ಯವನ್ನು ಮಾತ್ರ ವಿಧಿಸಿ ಕೈತೊಳೆದುಕೊಂಡಿದ್ದಾರೆ ಎಂಬ ನಿಮ್ಮ ದೂರಿನಲ್ಲಿ ಹುರುಳಿದೆ.

ಆದರೆ ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದ ಒಡೆಯರು ಇನ್ನಾವುದೋ ಊರಿನಲ್ಲಿ ಇನ್ನಾವುದೋ ಉದ್ಯೋಗ ಮಾಡುತ್ತಿರುವುದಕ್ಕೆ ಏನು ಹೇಳುತ್ತೀರಿ? ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೊಬ್ಬ ಬಾಯಿಪಾಠದ ಬಲದಿಂದ ಅಂಗಡಿ ನಡೆಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ನೆನಪಿನ ಶಕ್ತಿ ಅಗಾಧವಾದದ್ದು. ಆದರೆ ಅವನು ಓದಿಲ್ಲದ್ದನ್ನು ಹೇಳುವುದಾದರೂ ಹೇಗೆ? ಡಿ.ಫಾರ್ಮ ಕಲಿಯುವವರಿಗೆ ಕನಿಷ್ಠ 500 ಗಂಟೆಗಳ ಪ್ರಾಯೋಗಿಕ ತರಬೇತಿ ಇದೆ. 2020ರ ಹೊಸ ಪಠ್ಯಕ್ರಮದಲ್ಲಿ ರೋಗಿಗೆ ತಿಳಿಸಿ ಹೇಳುವ ಅಭ್ಯಾಸವನ್ನೂ ಸೇರಿಸಿದ್ದಾರೆ. ಆರು ವರ್ಷಗಳ ಫಾರ್ಮ.ಡಿ. ಶಿಕ್ಷಣ 2008ರಿಂದ ದೇಶದಲ್ಲಿ ನಡೆದಿದೆ. ಕಲಿಯಲು ದೂರ ಹೋಗಬೇಕಾಗಿಲ್ಲ, ಕಲಬುರಗಿಯಲ್ಲಿಯೇ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಫಾರ್ಮಸಿ ಕಾಲೇಜು ಇದೆ. ಹೀಗೆ ಕಲಿತವರು ಅಂಗಡಿಯಲ್ಲಿ ಕೂಡದೆ ಪ್ರಮಾಣಪತ್ರವನ್ನು ಮಾತ್ರ ಕೂಡಿಸಿದರೆ ಆ 500 ಗಂಟೆ ಯಾರ ಉಪಯೋಗಕ್ಕೆ?

ಸರಕಾರಿ ದವಾಖಾನೆಗಳ ಕಿಟಕಿಗಳ ಬಗ್ಗೆ ಒಂದೇ ಮಾತು. ಅಲ್ಲಿ ಮೂರು ಬಗೆಯ ಗುಳಿಗೆಗಳನ್ನು ಬರಿಗೈಗೆ ಹಾಕಿ ಕಳುಹಿಸುವುದನ್ನು ಕಂಡಾಗಲೆಲ್ಲ ನನಗೆ ಆ ಹಳೆಯ ಕಾಗದದ ಹಲ್ಲುಗಳು ನೆನಪಾಗುತ್ತವೆ. ಒಂದು ಪುಟ್ಟ ಕವರಿಗೆ ಎಷ್ಟು ಪೈಸೆ?

ಎಲ್ಲರೂ ಹೀಗೆಯೇ ಎಂದು ಬರೆದರೆ ಅನ್ಯಾಯವಾಗುತ್ತದೆ. ಜೇವರ್ಗಿ ತಾಲೂಕಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಿದೆ. ಗಣಿತದಲ್ಲಿ ಬಹಳ ಹಿಂದೆ ಇದ್ದವನು, ಚಿತ್ರಕಲೆಯಲ್ಲಿ ಮುಂದೆ. ಅವನು ಪ್ರತಿ ಗುಳಿಗೆಗೂ ಬೇರೆ ಕವರು ಕೊಟ್ಟು, ಅದರ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಇವುಗಳನ್ನು ಬರೆಯುತ್ತಾನೆ. ಉಂಡ ಮೇಲಿನದಕ್ಕೆ ರೊಟ್ಟಿಯ ಚಿತ್ರ, ಹಸಿದ ಹೊಟ್ಟೆಯದಕ್ಕೆ ಖಾಲಿ ತಾಟು. ದಖನಿ ಉರ್ದುವಿನಲ್ಲಿಯೂ, ತಾಂಡಾದ ಲಂಬಾಣಿಯಲ್ಲಿಯೂ ನಾಲ್ಕು ವಾಕ್ಯ ಕಲಿತುಕೊಂಡಿದ್ದಾನೆ. ಇದರಿಂದ ವ್ಯಾಪಾರಕ್ಕೆ ನಷ್ಟವಾಗುವುದಿಲ್ಲವೇ ಎಂದು ಕೇಳಿದೆ. "ಇಲ್ರೀ ಸರ. ಎದುರಿನ ಅಂಗಡಿಯೊಳಗ ಗುಳಿಗಿ ತಗೊಂಡವರೂ ಹ್ಯಾಂಗ ನುಂಗಬೇಕಂತ ಕೇಳಾಕ ನನ್ನ ಹತ್ರ ಬರ್ತಾರ. ಮುಂದಿನ ತಿಂಗಳ ಗುಳಿಗಿನೂ ನನ್ನ ಹತ್ರನss ತಗೋತಾರ" ಎಂದು ನಕ್ಕ. ಗಣಿತದಲ್ಲಿ ಹಿಂದಿದ್ದಾನೆಂದು ಅಂದುಕೊಂಡಿದ್ದೆವು!

ಬಂಧುಗಳೇ, ಗಿರಾಕಿಗಳಾದ ನಮ್ಮ ಕಡೆಯಿಂದಲೂ ಆಗಬೇಕಾದದ್ದಿದೆ. ತರಕಾರಿ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ನಾವು ಔಷಧಿ ಕೊಳ್ಳುವಾಗ ಏಕೆ ಮೂಕರಾಗುತ್ತೇವೆ? ಮನೆಯಲ್ಲಿ ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ, ನಾಟಿ ಔಷಧಿಯಿದ್ದರೆ ಅದನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಇದು ಯಾತಕ್ಕೆ, ಯಾವಾಗ, ಎಷ್ಟು ದಿನ, ಮರೆತರೆ ಏನು ಎಂದು ಕೇಳಿ. ಮುಂಬಯಿ, ಪುಣೆ, ಬೆಂಗಳೂರು, ದುಬೈಗಳಲ್ಲಿರುವ ಮಕ್ಕಳು ಊರಿನ ತಂದೆತಾಯಿಗೆ ಫೋನು ಮಾಡಿದಾಗ "ಗುಳಿಗಿ ತಗೊಂಡೀ?" ಎಂದು ಕೇಳುವುದನ್ನು ಬಿಟ್ಟು "ಯಾವ್ಯಾವ ಗುಳಿಗಿ ಯಾವಾಗ ತಗೋತೀ, ಒಂದೊಂದss ಹೇಳು" ಎಂದು ಕೇಳಿ. ಔಷಧಿ ತೆಗೆದುಕೊಂಡ ಮೇಲೆ ಮೈಯಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಮೊದಲು ವೈದ್ಯರಿಗೆ ತಿಳಿಸಿ. ಅಂಥದ್ದನ್ನು ವರದಿ ಮಾಡಲು 1800-180-3024 ಎಂಬ ಉಚಿತ ಸರಕಾರಿ ದೂರವಾಣಿಯೂ ಇದೆ. ಅದು ರೋಗಿಗಳಿಗೂ ತೆರೆದಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಮೆಡಿಕಲ್ ಅಂಗಡಿಯ ನನ್ನ ಶಿಷ್ಯರಿಗೆ ಕೊನೆಯದಾಗಿ ಒಂದು ಸೂಚನೆ. ಮುಂದಿನ ತಿಂಗಳು ಆಳಂದಕ್ಕೂ ಅಫಜಲಪುರಕ್ಕೂ ಬರುವವನಿದ್ದೇನೆ. ನನಗೂ ಈಗ ರಕ್ತದೊತ್ತಡದ್ದು ಒಂದು, ಥೈರಾಯ್ಡಿನದ್ದು ಒಂದು, ಎಲುಬಿಗೆ ಕ್ಯಾಲ್ಸಿಯಂ ಒಂದು ಹೀಗೆ ಮೂರು ಗುಳಿಗೆಗಳಿವೆ. ಇವುಗಳಲ್ಲಿ ಎರಡನ್ನು ಕೂಡಿಸಿ ನುಂಗಬಾರದು. ಯಾವ ಎರಡು, ಎಷ್ಟು ತಾಸು ಅಂತರ ಎಂಬುದನ್ನು ನೀವು ನನಗೆ ಹೇಳಬೇಕು. ಹೇಳಿದ ಮೇಲೆ ನನ್ನನ್ನು ನಿಲ್ಲಿಸಿ ತಿರುಗಿ ಹೇಳಿಸಬೇಕು. ಮಾಸ್ತರರೆಂದು ದಾಕ್ಷಿಣ್ಯ ಬೇಡ.